ಹೊಸಹಳ್ಳಿ ನಿಲ್ದಾಣದಲ್ಲಿ ನನ್ನ ಕ್ಲೈಮ್ಯಾಕ್ಸ್

ಪ್ರೇಮವನ್ನೂ ಪಾಠಯೋಜನೆಯಂತೆ ಮುಂಚಿತವಾಗಿ ಸಿದ್ಧಪಡಿಸಿಕೊಂಡರೆ ಎಡವುವ ಪ್ರಶ್ನೆಯೇ ಇಲ್ಲವೆಂದು, ಸ್ವಯಂನಿವೃತ್ತ ಶಾಲಾ ಮೇಷ್ಟ್ರಾದ ನಾನು ದೃಢವಾಗಿ ನಂಬಿದ್ದೆ.

ಭಾನುವಾರ ಟಿ.ವಿ.ಯಲ್ಲಿ ಒಂದು ಪ್ರೇಮಹಾಸ್ಯ ಚಿತ್ರ. ಕೊನೆಯಲ್ಲಿ ನಾಯಕಿ ಊರು ಬಿಡುತ್ತಾಳೆ. ನಾಯಕ ನಿಲ್ದಾಣಕ್ಕೆ ಓಡುತ್ತಾನೆ. ಅಪರಿಚಿತರೆಲ್ಲ ಚಪ್ಪಾಳೆ ತಟ್ಟುತ್ತಾರೆ.

"ನನ್ ಹಿಂದೆ ಯಾವತ್ತಾದ್ರೂ ಹೀಗೆ ಓಡಿದ್ದೀರಾ?" ಎಂದಳು ನನ್ನ ಹೆಂಡತಿ ವಿಶಾಲಾಕ್ಷಿ.

"ಓಡುವ ಸಂದರ್ಭವನ್ನು ನೀನು ಒದಗಿಸಿಲ್ಲ," ಎಂದೆ.

ಮರುದಿನ ಬೆಳಿಗ್ಗೆಯೇ ಒದಗಿಸಿದಳು!

"ಕೆಂಗೇರಿಗೆ, ಅಕ್ಕನ ಮನೆಗೆ ಹೋಗ್ತಾ ಇದೀನಿ. ಯಾವಾಗ ಬರ್ತೀನೋ ಗೊತ್ತಿಲ್ಲ."

ಬ್ಯಾಗ್ ಹಿಡಿದು, ಗೇಟಿನ ಬಳಿ ನಿಂತು ಚಪ್ಪಲಿ ಮೆಟ್ಟತೊಡಗಿದಳು. ಬಹಳ ಹೊತ್ತು ಮೆಟ್ಟಿದಳು. ತಡೆಯಬೇಕೆನಿಸಿತು. ಆದರೆ ಗೇಟಿನಲ್ಲೇ ತಡೆದುಬಿಟ್ಟರೆ ಆಮೇಲೆ ಓಡುವುದೆಲ್ಲಿಗೆ? ಬಾಯಿ ಬಿಗಿಹಿಡಿದು ಕುಳಿತೆ. ಹೊರಟೇಹೋದಳು.

ಅವಳು ಬೀದಿಯ ತಿರುವು ದಾಟಿದ ಮೇಲೆ ಒಂದು ಸಂದೇಹ ಮೂಡಿತು: ನಿಜವಾಗಿಯೂ ಹಿಂತಿರುಗದಿದ್ದರೆ? ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಹೊಸಹಳ್ಳಿ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ.

"ಓಡ್ಬೇಡಿ ಸಾರ್."

"ಹೊರಟುಹೋಗುತ್ತಿದ್ದಾಳಪ್ಪಾ!"

"ಹೋದ್ರೆ ಹೋಗ್ಲಿ ಸಾರ್, ಐದ್ ನಿಮಿಷಕ್ಕೆ ಇನ್ನೊಂದು ಬರುತ್ತೆ."

ಚಿತ್ರದ ನಾಯಕನಾಗಿದ್ದರೆ ಅಡ್ಡಗಂಬಿ ಹಾರುತ್ತಿದ್ದ. ನಾನು ಟಿಕೆಟ್ಟಿನ ಸರದಿಯಲ್ಲಿ ನಿಂತೆ. ಸರದಿ ತಪ್ಪಿಸಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನಿಗೆ ಬೇರೆ ದಾರಿಯೆಲ್ಲಿ?

ಮೇಲೆ ತಲುಪುವಷ್ಟರಲ್ಲಿ ಕೆಂಗೇರಿ ಕಡೆಯ ರೈಲು ಹೊರಟಿತು. ಅವಳೂ ಹೋದಳೆಂದುಕೊಂಡೆ. ಫೋನ್ ಮಾಡಿದೆ.

"ಎಲ್ಲಿದ್ದೀಯ?"

"ಬಸ್ ಸ್ಟಾಪಲ್ಲಿ. ಹೆಂಗಸರಿಗೆ ಬಸ್ಸು ಫ್ರೀ ಇರೋವಾಗ ಮೆಟ್ರೋ ಯಾರ್ರೀ ಹತ್ತುತ್ತಾರೆ? ನೀವು ನನ್ ಮುಂದೇನೇ ಓಡಿಹೋದ್ರಿ. ಕೂಗಿದೆ. ತಿರುಗಿ ನೋಡ್ಲಿಲ್ಲ!"

ಏದುಸಿರು ಬಿಡುತ್ತಾ ಬಸ್ ಸ್ಟಾಪಿಗೆ ಮರಳಿದೆ. ಕೆಂಗೇರಿ ಬಸ್ಸು ಬಂದು ನಿಂತಿತ್ತು; ಅವಳು ಹತ್ತಿರಲಿಲ್ಲ. ದಾರಿಯುದ್ದಕ್ಕೂ ರಚಿಸಿಕೊಂಡಿದ್ದ ಭಾಷಣವೆಲ್ಲ ಉಸಿರಿನಲ್ಲೇ ಕರಗಿತು.

"ಮನೆಗೆ... ಬಾ."

"ಇದನ್ನ ಗೇಟಿನ ಹತ್ರಾನೇ ಹೇಳಬಹುದಿತ್ತಲ್ವಾ? ಚಪ್ಪಲಿ ಹಾಕ್ಕೊಳ್ಳೋಕೆ ಅಷ್ಟು ಹೊತ್ತು ಯಾರಿಗ್ರೀ ಬೇಕು?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಂಡಕ್ಟರ್ ಮಾತ್ರ "ಹತ್ತೋದಾದ್ರೆ ಹತ್ತಿ" ಎಂದ.

ಚಿತ್ರದಲ್ಲಿ ನಾಯಕನು ನಾಯಕಿಯನ್ನು ಎತ್ತಿಕೊಳ್ಳುತ್ತಾನೆ. ನಾನು ಬ್ಯಾಗನ್ನು ಎತ್ತಿಕೊಂಡೆ. ಅದನ್ನೂ ಅರ್ಧ ದಾರಿಯಲ್ಲಿ ಅವಳೇ ಕಸಿದುಕೊಂಡಳು!