ಗಾಳಿ ಬಂದೂಕಿಗೆ ಹರಳೆಣ್ಣೆ

ಸಿರಿಲ್ ಟ್ಯಾಂಡಿಯ ಮನೆಯಲ್ಲಿ ಛತ್ರಿ ಇಡುವ ಸ್ಟ್ಯಾಂಡಿನಲ್ಲಿ ಛತ್ರಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. (ಬರ್ಮಿಂಗ್‌ಹ್ಯಾಮಿನಂಥ ಮಳೆಯೂರಿನಲ್ಲಿ ಇದೇನು ಸಣ್ಣ ಅಪರಾಧವಲ್ಲ.) ಅಲ್ಲಿದ್ದವು ಗಾಳಿ ಬಂದೂಕುಗಳು. ಮಂಚದ ಕೆಳಗೆ ಗಾಳಿ ಬಂದೂಕು, ಸೋಫಾದ ಹಿಂದೆ ಗಾಳಿ ಬಂದೂಕು, ಬಟ್ಟೆಯ ಬೀರುವಿನಲ್ಲಿ ಹೆಂಡತಿ ಮ್ಯೂರಿಯಲ್‌ಳ ಚಳಿಗಾಲದ ಕೋಟಿಗೆ ಬೆನ್ನು ಕೊಟ್ಟು ನಿಂತ ಇನ್ನೆರಡು. ಮದುವೆಯಾದಾಗ ಗಂಡ ಸಿಕ್ಕ ಎಂದುಕೊಂಡಿದ್ದ ಮ್ಯೂರಿಯಲ್‌ಗೆ ಸಿಕ್ಕಿದ್ದು ಬರೀ ಗನ್ನು.

ಇಷ್ಟೆಲ್ಲ ಆಯುಧ ಕಂಡು ಸಿರಿಲ್‌ನನ್ನು ಮಹಾ ಬೇಟೆಗಾರ ಎಂದುಕೊಳ್ಳಬೇಡಿ. ಅಡುಗೆಮನೆಗೆ ನುಗ್ಗಿದ ಇಲಿಗೂ 'ಹೋಗಪ್ಪಾ ಹೋಗು' ಎಂದು ಬಾಗಿಲು ತೆರೆದುಕೊಡುವ ಪ್ರಾಣಿ ಅವನು. ಸಂಜೆಯಾದರೆ ಒಂದೊಂದೇ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮೂಸಿ, ನಿಟ್ಟುಸಿರು ಬಿಟ್ಟು ಮತ್ತೆ ಮಲಗಿಸಿ ಬರುತ್ತಿದ್ದ. ನನಗೆ ಜ್ವರ ಬಂದಾಗಲೂ ಇಷ್ಟು ಆರೈಕೆ ಆಗಿರಲಿಲ್ಲ ಎಂಬುದು ಮ್ಯೂರಿಯಲ್‌ಳ ತಕರಾರು.

ಅವುಗಳಲ್ಲಿ ಒಂದಿತ್ತು, ಪಟ್ಟದ ರಾಣಿ. ಮೊದಲ ಮಹಾಯುದ್ಧಕ್ಕೂ ಮುಂಚೆ ಇದೇ ಸ್ಮಾಲ್ ಹೀತ್ ಬಡಾವಣೆಯ ಬಿ.ಎಸ್.ಎ. ಕಾರ್ಖಾನೆಯಲ್ಲಿ ಹುಟ್ಟಿದ್ದು. ನಳಿಗೆಯ ಕೆಳಗಿನ ಸನ್ನೆಗೋಲನ್ನು ಎಳೆದರೆ ಒಳಗೆ ಸ್ಪ್ರಿಂಗು ಮಡಚಿಕೊಂಡು 'ಕ್ಲಿಕ್' ಎನ್ನುವ ಸದ್ದಿಗೆ ಸಿರಿಲ್‌ನ ಮೈಯಲ್ಲಿ ರೋಮಾಂಚನವಾಗುತ್ತಿತ್ತು. ಅದನ್ನು ಮಾಡಿದ ಕೈಗಳೆಲ್ಲ ಮಣ್ಣಾಗಿ ಹೋಗಿದ್ದರೂ ಆ ಕ್ಲಿಕ್ಕು ಮಾತ್ರ ನಿನ್ನೆ ಮಾಡಿದ ಹಾಗಿತ್ತು. ಅದರ ಕುತ್ತಿಗೆಯ ಮೇಲೆ ಒಂದಕ್ಕೊಂದು ಒರಗಿ ನಿಂತ ಮೂರು ಬಂದೂಕಿನ ಮುದ್ರೆ. ಅದೇ ಕಾರ್ಖಾನೆ ಮುಂದೆ ಮೋಟಾರ್‌ಸೈಕಲ್ಲನ್ನೂ ಮಾಡಿ, ಅದರ ಮೇಲೂ ಅದೇ ಮುದ್ರೆ ಹಾಕಿತು. ಹಾಗಾಗಿ ಸಿರಿಲ್‌ನ ಲೆಕ್ಕದಲ್ಲಿ ಬಂದೂಕು ಅಕ್ಕ, ಮೋಟಾರ್‌ಸೈಕಲ್ ತಮ್ಮ. ಅಕ್ಕ ಇರುವ ಮನೆಯಲ್ಲಿ ತಮ್ಮನಿಲ್ಲದಿರುವುದು ಮಹಾ ಅನ್ಯಾಯ.

ತಮ್ಮ ಹಿಂದೊಮ್ಮೆ ಇದ್ದ. ಮದುವೆಯಾದ ವರ್ಷವೇ ಅವನನ್ನು ಮಾರಿ ಹೊಲಿಗೆ ಯಂತ್ರ ತಂದದ್ದಾಗಿತ್ತು. ಅಂದಿನಿಂದ ಸಿರಿಲ್ ಆ ಗಾಡಿಯ ಕಥೆ ಹೇಳುತ್ತಲೇ ಬಂದಿದ್ದ. ಪ್ರತಿಸಲ ಹೇಳುವಾಗಲೂ ಗಾಡಿ ಒಂದಿಷ್ಟು ಬೆಳೆಯುತ್ತಿತ್ತು. ಈಗೀಗ ಅದು ರೈಲನ್ನು ಹಿಂದೆ ಹಾಕುತ್ತಿತ್ತು.

ಈಗ ಅವನ ಗೆಳೆಯ ವಾಲ್ಟ್ ಮನೆ ಖಾಲಿ ಮಾಡಿ ವೇಲ್ಸಿನ ಮಗಳ ಮನೆಗೆ ಹೊರಟಿದ್ದ. ವಾಲ್ಟ್‌ನ ಶೆಡ್ಡಿನಲ್ಲಿ ಕಂಬಳಿ ಹೊದ್ದು ಮಲಗಿತ್ತು ಒಂದು ಐನೂರು ಸಿಸಿಯ ಬಿ.ಎಸ್.ಎ. 'ಆ ಬಂದೂಕು ಕೊಡು, ಗಾಡಿ ತಗೊಂಡು ಹೋಗು. ಬಂದೂಕಾದರೆ ಮಗಳ ಮನೆಯ ಮೂಲೆಯಲ್ಲಿ ಹಿಡಿಸುತ್ತದೆ. ಭಾನುವಾರದೊಳಗೆ ಹೇಳದಿದ್ದರೆ ವ್ಯಾಪಾರಿ ಬಂದು ಗಾಡಿ ಒಯ್ಯುತ್ತಾನೆ' ಎಂದ. ಪಟ್ಟದ ರಾಣಿಯನ್ನು ಕೊಡುವುದೆಂದರೆ ಸಿರಿಲ್‌ಗೆ ಕರುಳು ಕಿತ್ತು ಬಂತು. ಆದರೆ ಕಂಬಳಿ ಸರಿಸಿ ಆ ಟ್ಯಾಂಕಿನ ಮೇಲೆ ಕೈಯಿಟ್ಟಾಗ ಕಣ್ಣು ಮಂಜಾಯಿತು. ಬಂದೂಕು ಕೊಟ್ಟುಬಿಡುವುದೆಂದು ನಿಶ್ಚಯಿಸಿದ. ಉಳಿದದ್ದು ಮ್ಯೂರಿಯಲ್‌ಳ ಒಪ್ಪಿಗೆ, ಯಾಕೆಂದರೆ ಗಾಡಿ ನಿಲ್ಲಿಸಲು ಇದ್ದ ಒಂದೇ ಜಾಗ ಅಡುಗೆಮನೆ ಹಿಂದಿನ ಗಾಜಿನ ಕೋಣೆ. ಅದು ಅವಳ ಟೊಮೇಟೊ ಗಿಡಗಳ ಅಂತಃಪುರ.

ಸ್ಮಾಲ್ ಹೀತಿನಲ್ಲಿ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು, ಬಸ್ ಕಂಡಕ್ಟರು ಇಬ್ಬರನ್ನೂ ಕರೆಯುವುದು 'ಬ್ಯಾಬ್' ಎಂದೇ. ಬ್ಯಾಬ್ ಎಂದರೆ ಎಲ್ಲ ಸುಖ. ಹೆಂಡತಿ ಹೆಸರು ಹಿಡಿದು ಕರೆದಳೆಂದರೆ ಮಾತ್ರ ಹವಾಮಾನ ಕೆಟ್ಟಿತು ಎಂದೇ ಅರ್ಥ.

"ಬ್ಯಾಬ್, ಈ ವರ್ಷ ಟೊಮೇಟೊ ಅಷ್ಟೇನೂ ಚೆನ್ನಾಗಿ ಬರ್ತಿಲ್ಲ ಅಲ್ವಾ?" ಎಂದು ಸಿರಿಲ್ ಶುರು ಮಾಡಿದ.

"ಏನು ತರೋಕೆ ಹೊರಟಿದೀಯ?"

"ಏನೂ ಇಲ್ಲಪ್ಪ! ಸುಮ್ನೆ ಟೊಮೇಟೊ ವಿಚಾರ..."

"ಬ್ಯಾಬ್, ನಿನ್ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ. ನೀನು ಟೊಮೇಟೊ ವಿಚಾರ ಮಾತಾಡಿದ್ದು ಇವತ್ತೇ ಮೊದಲು. ಏನದು, ಬೊಗಳು."

"ವಾಲ್ಟ್‌ದು... ಮೋಟಾರ್‌ಸೈಕಲ್. ನನ್ ಹಳೇ ಬಂದೂಕು ಕೊಡ್ತೀನಿ, ಅವನು ಗಾಡಿ ಕೊಡ್ತಾನೆ."

ಮ್ಯೂರಿಯಲ್ ಟೀ ಪಾಟನ್ನು ಮೇಜಿನ ಮೇಲಿಟ್ಟಳು. "ನಿನ್ ವಯಸ್ಸೆಷ್ಟು, ಸಿರಿಲ್?"

(ಹೆಸರು ಬಂತು.)

"ವಯಸ್ಸಿಗೂ ಅದಕ್ಕೂ ಏನು ಸಂಬಂಧ..."

"ಮೆಟ್ಟಿಲು ಹತ್ತಿದ್ರೆ ನಿನ್ ಮಂಡಿ ಕಟಕಟ ಅನ್ನುತ್ತೆ, ಇನ್ನು ಅದನ್ನ ಒದ್ದು ಸ್ಟಾರ್ಟ್ ಮಾಡ್ತೀಯಾ? ಆಮೇಲೆ ಆ ಗಾಡಿ ನಿಂತಲ್ಲೇ ಎಣ್ಣೆ ಸೋರಿಸುತ್ತೆ. ಮನೇಲಿ ಮೂಗು ಸೋರಿಸ್ಕೊಂಡು ಓಡಾಡೋದಕ್ಕೆ ನೀನೊಬ್ಬ ಸಾಲದಾ? ಬಿದ್ದು ಕಾಲು ಮುರ್ಕೊಂಡ್ರೆ ಬೆಡ್‌ಪ್ಯಾನ್ ಹಿಡಿಯೋಳು ಯಾರು?"

ಸುಪ್ರೀಂ ಕೋರ್ಟಿನ ತೀರ್ಪು ಹೊರಬಿದ್ದಿತ್ತು. ಸಿರಿಲ್ ಟೋಪಿ ಹಾಕಿಕೊಂಡು ಪಬ್ಬಿಗೆ ನಡೆದ.

ಆ ದಿನ ಪಬ್ಬಿನಲ್ಲಿ ಗಂಟೆ ಹೊಡೆಯುವ ಪಂದ್ಯ. ಗೋಡೆಯ ಮೇಲೊಂದು ಕಬ್ಬಿಣದ ತಟ್ಟೆ, ನಡುವೆ ಬಟಾಣಿ ಗಾತ್ರದ ತೂತು, ಹಿಂದೊಂದು ಗಂಟೆ. ಗಾಳಿ ಬಂದೂಕಿನ ಗುಂಡು ತೂತಿನಲ್ಲಿ ನುಗ್ಗಿದರೆ 'ಟಣ್' ಎನ್ನುತ್ತದೆ. ಸಿರಿಲ್‌ನ ಗುಂಡು ಅಂದು ತಟ್ಟೆಯ ನಾಲ್ಕೂ ದಿಕ್ಕಿಗೆ ಹೋಯಿತು, ತೂತಿಗೊಂದೂ ಹೋಗಲಿಲ್ಲ. ವಿಷಯವೆಲ್ಲ ಕೇಳಿದ ವಾಲ್ಟ್ ಕೋಟಿನ ಜೇಬಿನಿಂದ ಒಂದು ಹಳೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ಶೆಡ್ ಗುಡಿಸುವಾಗ ಸಿಕ್ತು. ಏನು ಹೇಳು?"

ಸಿರಿಲ್ ಮುಚ್ಚಳ ತೆಗೆದ. ರೇಸಿನವರು ಇಂಜಿನ್ನಿಗೆ ಹಾಕುತ್ತಿದ್ದ ಎಣ್ಣೆ, ಅಂದರೆ ಹರಳೆಣ್ಣೆ. ಹೌದು, ನಮ್ಮ ನಿಮ್ಮ ಅಜ್ಜಿಯರು ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದ ಅದೇ ಹರಳೆಣ್ಣೆ. ಅಲ್ಲಿ ಅದನ್ನು ಕುಡಿದ ಗಾಡಿಗಳು ಗಾಳಿಯ ಹಾಗೆ ಓಡುತ್ತಿದ್ದವು. (ಇಲ್ಲಿ ಕುಡಿದವರೂ ಓಡುತ್ತಿದ್ದರು, ಆದರೆ ಹಿತ್ತಲಿಗೆ.) ಪಬ್ಬಿನ ಮುದುಕರೆಲ್ಲ ಒಬ್ಬೊಬ್ಬರಾಗಿ ಮೂಗು ತಂದರು. ಒಬ್ಬ ಟೋಪಿ ತೆಗೆದ. ಪಂದ್ಯದಲ್ಲಿ ಗುರಿಯಿಟ್ಟಿದ್ದವನು ಗುಂಡು ಹಾರಿಸುವುದನ್ನೇ ಮರೆತ.

"ಮೂಗಿಗೆ ಮರೆವಿಲ್ಲ ಕಣೋ," ಎಂದ ವಾಲ್ಟ್ ಮೆಲ್ಲಗೆ. "ಮದುವೆಗೆ ಮುಂಚೆ ಮ್ಯೂರಿಯಲ್ ಗಾಡಿ ಹಿಂದೆ ಕೂರ್ತಿದ್ಲು ತಾನೆ? ಅವಳಿಗೆ ಈ ವಾಸನೆ ತೋರಿಸು. ಆದ್ರೆ ಹಸೀ ಎಣ್ಣೆ ಅಲ್ಲ, ಸುಟ್ಟಿರಬೇಕು. ಆ ಹೊಗೆ ಇದೆಯಲ್ಲ, ಅದು ಬೇರೇನೇ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ದಡ್ಡ ನಾನಲ್ಲ ಎಂದುಕೊಂಡು ಸಿರಿಲ್ ಡಬ್ಬಿಯನ್ನು ಜೇಬಿಗಿಳಿಸಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಂಜಿನ್ನಿಲ್ಲದೆ ಎಣ್ಣೆ ಸುಡುವುದು ಹೇಗೆ? ಬಾಣಲೆಯಲ್ಲಿ ಸುಡಬಹುದು, ಆದರೆ ಮ್ಯೂರಿಯಲ್‌ಳ ಬಾಣಲೆಯಲ್ಲಿ ಹರಳೆಣ್ಣೆ ಕಾಯಿಸಿದರೆ ಸುಡುವುದು ಎಣ್ಣೆ ಮಾತ್ರವಾಗಿರಲಾರದು. ಮನೆಯ ಬಾಗಿಲಲ್ಲಿ ಕಾಲೊರೆಸುವಾಗ ಜ್ಞಾನೋದಯವಾಯಿತು. ಇಂಜಿನ್ ಮನೆಯಲ್ಲೇ ಇದೆ! ಗಾಳಿ ಬಂದೂಕು ಇಟ್ಟುಕೊಂಡವರೆಲ್ಲ ಬಲ್ಲ ಗುಟ್ಟು ಇದು: ಪಿಸ್ಟನ್ನಿನ ಮುಂದೆ ಎಣ್ಣೆ ಬಿದ್ದರೆ, ಗುಂಡು ಹಾರಿಸುವಾಗ ಒಳಗಿನ ಗಾಳಿ ಒತ್ತಡಕ್ಕೆ ಕಾದು, ಎಣ್ಣೆ ಡೀಸೆಲ್ ಇಂಜಿನ್ನಿನಲ್ಲಿ ಹತ್ತಿದ ಹಾಗೆ ಹತ್ತಿಕೊಳ್ಳುತ್ತದೆ. ಸಂಗ್ರಹಕಾರರ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ, ಸ್ಪ್ರಿಂಗು ಮುರಿದೇ ಹೋಗಬಹುದು. ಇದಕ್ಕೆ ತಕ್ಕಷ್ಟು ಬಿಗಿಯಾದ ಪಿಸ್ಟನ್ನು ಇದ್ದದ್ದು ಪಟ್ಟದ ರಾಣಿಯೊಂದಕ್ಕೇ.

"ಕ್ಷಮಿಸಮ್ಮಾ," ಎಂದ ಅದರ ಕಿವಿಯಲ್ಲಿ. (ಬಂದೂಕಿಗೆ ಕಿವಿ ಎಲ್ಲಿರುತ್ತದೆ ಎಂದು ಕೇಳಬೇಡಿ, ಸಿರಿಲ್‌ಗೆ ಗೊತ್ತಿತ್ತು.) "ನಿನ್ ತಮ್ಮನಿಗೋಸ್ಕರ."

ಶನಿವಾರ ಮಧ್ಯಾಹ್ನ ಮಳೆ ಬಿಟ್ಟಿತ್ತು. ಮ್ಯೂರಿಯಲ್ ಹಿತ್ತಲಿನಲ್ಲಿ ಹಾಸಿಗೆಯ ಚಾದರ ಒಣಹಾಕುತ್ತಿದ್ದಳು. ಚಾದರ ಯಾವ ಕಡೆ ಹಾರುತ್ತಿದೆ ಎಂದು ನೋಡಿ, ಗಾಳಿ ತನ್ನಿಂದ ಅವಳ ಕಡೆಗಿದೆ ಎಂದು ಖಚಿತ ಮಾಡಿಕೊಂಡು, ಸಿರಿಲ್ ಸಾಮಾನಿನ ಶೆಡ್ಡಿನ ಬಾಗಿಲಲ್ಲಿ ಮರಳಿನ ಪೆಟ್ಟಿಗೆಗೆ ಗುರಿಯಿಟ್ಟು ಕೂತ. ಹಾಕಬೇಕಾದದ್ದು ಒಂದು ತೊಟ್ಟು. ಡಬ್ಬಿ ಜಾಸ್ತಿ ಬಾಗಿ ಬಿದ್ದದ್ದು ಒಂದು ಚಮಚ. ಸನ್ನೆ ಎಳೆದ. ಕ್ಲಿಕ್. ಕಣ್ಣು ಮುಚ್ಚಿ ಬಂದೂಕಿನ ಕುದುರೆ ಒತ್ತಿದ.

ಢಮಾರ್!

ಗಾಳಿ ಬಂದೂಕು ಫಿರಂಗಿಯಾಯಿತು. ಸಿರಿಲ್ ಹೂಕುಂಡದ ಮೇಲೆ ಕೂತಿದ್ದ. ಬೀದಿಯ ಪಾರಿವಾಳಗಳೆಲ್ಲ ಆಕಾಶಕ್ಕೆದ್ದವು. ಪಕ್ಕದ ಮನೆಯ ಅಖ್ತರನ ತಲೆ ಗೋಡೆಯ ಮೇಲೆ ಮೂಡಿತು.

"ಸಿರಿಲ್! ಬದುಕಿದ್ದೀಯಾ?"

"ಬದುಕಿದೀನಿ, ಅಖ್ತರ್!"

"ಮ್ಯೂರಿಯಲ್?"

"ಅವಳೂ ಇದಾಳೆ!"

"ಹಾಗಾದ್ರೆ ಸರಿ. ಅಲ್ಲ, ಒಬ್ಬರೇ ಉಳಿದಿದ್ರೆ ಪೊಲೀಸರಿಗೆ ಏನು ಹೇಳ್ಬೇಕು ಅಂತ," ಎಂದು ತಲೆ ಇಳಿಯಿತು.

ನಳಿಗೆಯ ಬಾಯಿಂದ ಬೆಳ್ಳನೆಯ ಹೊಗೆ ಸುರುಳಿ ಸುರುಳಿಯಾಗಿ ಎದ್ದು, ನಿಧಾನವಾಗಿ ಹಿತ್ತಲು ದಾಟಿ, ಚಾದರದ ಅಂಚು ಬಳಸಿ ಮ್ಯೂರಿಯಲ್‌ಳ ಮುಖ ಮುಟ್ಟಿತು. ಬೈಯಲೆಂದು ತೆರೆದ ಅವಳ ಬಾಯಿ ಹಾಗೇ ನಿಂತಿತು. ಬಟ್ಟೆಯ ಕ್ಲಿಪ್ಪು ಕೈಯಿಂದ ಜಾರಿತು. ಅವಳು ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡಳು.

ಹೂಕುಂಡದ ಮೇಲೆ ಕೂತಿದ್ದ ಸಿರಿಲ್ ಬೆರಗಾಗಿ ನೋಡಿದ. ಆ ಮುಖವನ್ನು ಅವನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಹುಬ್ಬಿನ ಗಂಟು ಬಿಚ್ಚಿತ್ತು, ಕೆನ್ನೆಗೆ ಬಣ್ಣ ಬಂದಿತ್ತು, ತುಟಿಯ ಕೊನೆಯಲ್ಲಿ ಹುಡುಗಿಯ ತುಂಟತನ ಇಣುಕುತ್ತಿತ್ತು. ಇಷ್ಟು ಚೆಂದದ ಹೆಂಗಸು ಇಷ್ಟು ವರ್ಷ ನನ್ನ ಅಂಗಿ ಇಸ್ತ್ರಿ ಮಾಡುತ್ತ ಇದೇ ಮನೆಯಲ್ಲಿ ಇದ್ದಳಲ್ಲ ಎಂದುಕೊಂಡ. ಬಂದೂಕಿನ ಮುಂದೆಯೂ, ಮೋಟಾರ್‌ಸೈಕಲ್ಲಿನ ಮುಂದೆಯೂ ಅವನು ಹೀಗೆ ಮೈಮರೆತಿರಲಿಲ್ಲ.

"ಅಯ್ಯೋ ದೇವರೇ," ಎಂದಳು ಮ್ಯೂರಿಯಲ್, ಕಣ್ಣು ಮುಚ್ಚಿಕೊಂಡೇ. "ಇದೇ ವಾಸನೆ."

"ಇದೇ, ಬ್ಯಾಬ್!"

"ಎಷ್ಟು ವರ್ಷ ಆಗಿಹೋಯ್ತು... ತಗೊಂಡ್ ಬಾ ಆ ಗಾಡೀನ."

"ಆಂ? ಟೊಮೇಟೊ?"

"ಟೊಮೇಟೊ ಮನೆ ಹಾಳಾಗ್ಲಿ. ಅಂಗಡೀಲಿ ಸಿಗಲ್ವಾ ಟೊಮೇಟೊ? ತಗೊಂಡ್ ಬಾ."

ಗೆದ್ದೆ! ಸಿರಿಲ್ ಮಂಡಿಯ ಕಟಕಟವನ್ನೂ ಲೆಕ್ಕಿಸದೆ ಎದ್ದು ನಿಂತ.

"ಮಾಲ್ವರ್ನ್ ಗುಡ್ಡದ ಆ ತಿರುವುಗಳು," ಎಂದಳು ಮ್ಯೂರಿಯಲ್. "'ನಾನು ಬಾಗಿದ ಕಡೆ ನೀನೂ ಬಾಗು, ಹೆದರ್ಬೇಡ' ಅಂತ. ಯಪ್ಪಾ, ಏನ್ ಓಡಿಸೋದು! ನನ್ ಟೋಪಿ ಹಾರಿ ಕಣಿವೆಗೆ ಹೋಯ್ತು, ನೋಡೋಕೂ ತಿರುಗಲಿಲ್ಲ ನಾನು."

ಸಿರಿಲ್ ತಲೆ ಕೆರೆದುಕೊಂಡ. "ಮಾಲ್ವರ್ನ್‌ಗೆ ನಾವು ಯಾವತ್ತು ಹೋಗಿದ್ವಿ, ಬ್ಯಾಬ್?"

"ನೀನಲ್ಲ. ಲೆನ್ನಿ. ಲೆನ್ನಿ ಕಟ್ಲರ್. ನೀನು ಸಿಗೋದಕ್ಕೆ ಮುಂಚೆ." ಅವಳು ಇನ್ನೊಂದು ಉಸಿರು ಎಳೆದುಕೊಂಡಳು. "ಅವನು ರೇಸಿಗೆ ಹೋಗ್ತಿದ್ದ. ಅವನ ಗಾಡಿ ಈ ಎಣ್ಣೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ."

"ಮತ್ತೆ ನನ್ ಗಾಡಿ?"

"ನಿಂದು ಬ್ಯಾಂಟಮ್ ಅಲ್ವಾ, ತಂತಿ ಹಂಚೋ ಹುಡುಗರು ಓಡಿಸ್ತಿದ್ದದ್ದು? ಹೆಸರಿಗೆ ತಕ್ಕ ಹಾಗೆ ಗಿಡ್ಡ ಹುಂಜ. ಪಾಪ, ಚೆನ್ನಾಗೇ ಇತ್ತು. ದಿಣ್ಣೆ ಬಂದ್ರೆ ನಾನು ಇಳಿದು ನಡೀತಿದ್ದೆ, ನೀನು ಮೇಲೆ ಕಾಯ್ತಿದ್ದೆ. ವಾಸನೆ ಅಂದ್ರೆ ಸೀಮೆಎಣ್ಣೆ ಸ್ಟೋವಿಂದು."

ರೈಲನ್ನು ಹಿಂದೆ ಹಾಕುತ್ತಿದ್ದ ಗಾಡಿ ಒಂದೇ ಕ್ಷಣದಲ್ಲಿ ಕುಗ್ಗಿ ಕುಗ್ಗಿ ಕೋಳಿಯಾಯಿತು. ಸಿರಿಲ್‌ನ ಮುಖ ಹರಳೆಣ್ಣೆ ಕುಡಿದವನ ಮುಖವಾಯಿತು.

"ಅಲ್ಲ ಬ್ಯಾಬ್, ನೀನು ಹೇಳಿದ್ದೇ ಸರಿ ಅನ್ಸುತ್ತೆ," ಎಂದ ಅವಸರವಾಗಿ. "ಈ ವಯಸ್ಸಲ್ಲಿ ನಮಗ್ಯಾಕೆ ಮೋಟಾರ್‌ಸೈಕಲ್? ಎಣ್ಣೆ ಬೇರೆ ಸೋರುತ್ತೆ. ಬಿದ್ದು ಗಿದ್ದು..."

"ನೀನು ಓಡಿಸಿದ್ರೆ ತಾನೆ ಬೀಳೋದು? ಲೆನ್ನಿ ಈಗ ಸೋಲಿಹಲ್‌ನಲ್ಲಿ ಇದಾನಂತೆ. ಪಾಪ, ಹೆಂಡ್ತಿ ತೀರ್ಕೊಂಡ್ಲು, ಒಬ್ಬನೇ. ಈಗ್ಲೂ ಗಾಡಿ ಓಡಿಸ್ತಾನಂತೆ, ಕಲ್ಲುಗುಂಡಿನ ಹಾಗಿದಾನಂತೆ. ನಾಳೆ ಊಟಕ್ಕೆ ಕರೆಯೋಣ. ವಾಲ್ಟ್ ಮನೆಯಿಂದ ಗಾಡೀನ ಅವನೇ ಓಡಿಸ್ಕೊಂಡು ಬರ್ಲಿ."

"ನನ್ ಬಂದೂಕು..."

"ಅದನ್ನ ವಾಲ್ಟ್‌ಗೆ ಕೊಡ್ತೀನಿ ಅಂದಿದ್ಯಲ್ಲ, ಕೊಡು. ಆಡಿದ ಮಾತು ತಪ್ಪಬಾರ್ದು."

ಅಷ್ಟರಲ್ಲಿ ಗಾಳಿ ಬೀಸಿತು. ಚಾದರ ಪಟಪಟ ಬಡಿದು ಹೊಗೆ ಚದುರಿತು. ಮ್ಯೂರಿಯಲ್ ಕಣ್ಣು ತೆರೆದು, ಮೂಗರಳಿಸಿ ಸುತ್ತ ಹುಡುಕಿದಳು. ಆ ಮುಖ ಮೆಲ್ಲಗೆ ಮತ್ತೆ ಎಂದಿನ ಮುಖವಾಗತೊಡಗಿದ್ದನ್ನು ಕಂಡು ಸಿರಿಲ್‌ಗೆ ಏಕೋ ಸಂಕಟವಾಯಿತು.

"ಹೋಗೇಬಿಡ್ತಲ್ಲ," ಎಂದಳು ಮಗುವಿನಂತೆ. ಆಮೇಲೆ ಅವನ ಕಡೆ ತಿರುಗಿ, ಮದುವೆಯಾದ ಹೊಸತರಲ್ಲೂ ಬಾರದಿದ್ದ ಇಂಪಿನಲ್ಲಿ ಕರೆದಳು. "ಬ್ಯಾಬ್, ಇನ್ನೊಂದ್ ಸಲ ಹೊಡಿ. ಈ ಸಲ ಎಣ್ಣೆ ಒಂಚೂರು ಜಾಸ್ತಿ ಹಾಕು."

ಸಿರಿಲ್ ಬಂದೂಕನ್ನು ನೋಡಿದ, ಡಬ್ಬಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಹೂಕುಂಡದ ಮೇಲೆ ಕೂತು, ಲೆನ್ನಿ ಕಟ್ಲರನಿಗಾಗಿ ಎರಡು ಚಮಚ ಸುರಿದ.