ನನ್ನನ್ನೇ ನೋಡಿ, ರೆಪ್ಪೆ ಬಡೀಬೇಡಿ

ಗೇಟಿನ ಪಕ್ಕದ ಮರದಲ್ಲಿ ಕಾಗೆಯೊಂದು ಗೂಡು ಕಟ್ಟಿ ಮರಿ ಮಾಡಿದ್ದೇ ಇಷ್ಟು ರಗಳೆಗೆಲ್ಲ ಕಾರಣ. ಆ ಕಟ್ಟಡದಿಂದ ಯಾರೇ ಹೊರಗೆ ಕಾಲಿಡಲಿ, ಅದು ಮೇಲಿನಿಂದ ಸುಂಯ್ಯೆಂದು ಇಳಿದು ನೆತ್ತಿಗೆ ಒಂದು ಕುಟುಕಿ ಹೋಗುತ್ತಿತ್ತು. ಹೆದರಿಕೆ ಎಲ್ಲರಿಗೂ ಇತ್ತು. ಆದರೆ ಕೆಳಗಿನ ಮನೆಯ ಪಾಸ್‌ಪೋರ್ಟ್‌ನ ಹೆದರಿಕೆಯ ಮುಂದೆ ಉಳಿದವರದು ಏನೂ ಅಲ್ಲ.

ಪಾಸ್‌ಪೋರ್ಟ್ ಎಂದರೆ ಮನುಷ್ಯನೇ. ಪೇಟೆಯ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ಅವನಿಗೆ ಅದೇ ಹೆಸರು ಅಂಟಿಕೊಂಡಿತ್ತು. “ಗಲ್ಲ ಸ್ವಲ್ಪ ಮೇಲೆ... ನನ್ನನ್ನೇ ನೋಡಿ... ರೆಪ್ಪೆ ಬಡೀಬೇಡಿ” ಎನ್ನುವುದು ಬಿಟ್ಟರೆ ಅವನು ಬೇರೆ ಮಾತಾಡುತ್ತಿದ್ದುದೇ ಅಪರೂಪ. ನಿದ್ದೆಯಲ್ಲೂ ಇದನ್ನೇ ಹೇಳುತ್ತಾನೆ ಎಂದು ಹೆಂಡತಿಯ ದೂರು. ಸ್ಟುಡಿಯೋದ ಗಾಜಿನ ಶೋಕೇಸಿನಲ್ಲಿ, ಫೋಟೋ ಹೀಗಿರಬೇಕು ಎಂದು ತೋರಿಸಲು ಮಾಲೀಕ ನೇತುಹಾಕಿದ್ದೂ ಅವನದೇ ಮುಖವನ್ನು, ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿ.

ಕಾಗೆಗೆ ಹೆದರಿ ಅವನು ಹಿತ್ತಲ ಗೋಡೆ ಹತ್ತಿ, ಚರಂಡಿ ದಾಟಿ ಸುತ್ತುಹಾಕಿ ಹೋಗುತ್ತಿದ್ದ. ದಿನಾ ತಡ. ಶನಿವಾರ ಮಾಲೀಕ ಖಡಕ್ಕಾಗಿ ಹೇಳಿಯೇಬಿಟ್ಟ: “ನೋಡು, ಸೋಮವಾರ ಲೇಟಾದ್ರೆ ಬರಲೇಬೇಡ. ಆ ಕೆಲಸಕ್ಕೆ ನನ್ನ ಭಾಮೈದ ಬಾಗಿಲಲ್ಲೇ ಕಾಯ್ತಿದ್ದಾನೆ.” ಈ ವಯಸ್ಸಿನಲ್ಲಿ ತನಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ರಾತ್ರಿಯಿಡೀ ಅವನು ಗಡಿಯಾರ ನೋಡುತ್ತಲೇ ಕಳೆದ.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರು; ತಮ್ಮ ಸಿಗ್ನಲ್ ಇಲ್ಲದೆ ಕಟ್ಟಡದಲ್ಲಿ ಏನೂ ಅಲ್ಲಾಡಬಾರದು ಎನ್ನುವವರು. ನೆತ್ತಿಯ ಬ್ಯಾಂಡೇಜು ಸವರಿಕೊಳ್ಳುತ್ತ ಹೇಳಿದರು:

“ಹಕ್ಕಿಗಳ ಆಫೀಸಿಗೆ ಫೋನ್ ಮಾಡಿದ್ದೆ. ಮರದ ತುಂಬ ಕಾಗೆ ಇವೆಯಲ್ಲ, ಕುಟುಕೋದು ಯಾವ್ದು ಅಂತ ಹೇಗ್ರೀ ಗೊತ್ತಾಗ್ಬೇಕು ಅಂದ್ರು. ಅದರ ಮುಖ ಸ್ಪಷ್ಟವಾಗಿರೋ ಫೋಟೋ ಕೊಟ್ರೆ ಸಂಜೆನೇ ಬಂದು ಗೂಡು ಬೇರೆ ಕಡೆ ಸಾಗಿಸ್ತಾರಂತೆ.”

ಎಲ್ಲರ ಕಣ್ಣೂ ಒಂದೇ ಸಲ ಪಾಸ್‌ಪೋರ್ಟ್‌ನ ಕಡೆ ತಿರುಗಿದವು.

“ನಾನು... ನಾನು ಮನುಷ್ಯರದ್ದು ಮಾತ್ರ ತೆಗೆಯೋದು, ಸಾರ್.”

“ಕಾಗೆಗೂ ಎರಡು ಕಣ್ಣು, ಒಂದು ಮೂತಿ ಇಲ್ವೇನ್ರೀ?” ಎಂದರು ಮೇಲಿನ ಮನೆಯ ಟೀಚರಮ್ಮ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಗದರುವ ದನಿಯಲ್ಲಿ.

ಹೆಂಡತಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು: “ರೀ, ಒಪ್ಕೊಳ್ರೀ. ಗೂಡು ಇವತ್ತು ಹೋದ್ರೆ ನಾಳೆ ನೀವು ಹೊತ್ತಿಗೆ ಸರಿಯಾಗಿ ಹೋಗ್ತೀರಿ. ಇಲ್ದಿದ್ರೆ ನಿಮ್ಮ ಕುರ್ಚಿ ಮೇಲೆ ಭಾಮೈದ.”

ಸರಿ, ಮತ್ತೆ ಹಿತ್ತಲ ಗೋಡೆ ಹತ್ತಿ ಸ್ಟುಡಿಯೋಗೆ ಹೋದ. ಮಾಲೀಕ ಮೊಣಕೈಯುದ್ದದ ಟೆಲಿಫೋಟೋ ಲೆನ್ಸನ್ನೂ ಫ್ಲ್ಯಾಶನ್ನೂ ಕೊಟ್ಟು, “ಗೀರು ಬಿದ್ರೆ ನಿನ್ನ ಚರ್ಮ ಸುಲೀತೀನಿ” ಎಂದು ಹರಸಿ ಕಳಿಸಿದ.

ಮೆಟ್ಟಿಲ ಕಿಟಕಿಯಲ್ಲಿ ಪರದೆಯ ಹಿಂದೆ ಅಡಗಿ, ಲೆನ್ಸಿನ ಮೂತಿಯಷ್ಟನ್ನೇ ಹೊರಗೆ ಚಾಚಿದ. ಹತ್ತಿಪ್ಪತ್ತು ಸಲ ಕ್ಲಿಕ್ಕಿಸಿದರೂ ಬಂದದ್ದು ಎಲೆಗಳ ಕರಿ ನೆರಳಲ್ಲಿ ಒಂದು ಕರಿ ಮುದ್ದೆ.

“ಇದು ಕಾಗೇನೋ ಹಳೇ ಚಪ್ಪಲೀನೋ?” ಅಧ್ಯಕ್ಷರು ಕಣ್ಣು ಕಿರಿದು ಮಾಡಿದರು. “ಫ್ಲ್ಯಾಶ್ ಹಾಕ್ರೀ!”

“ಇಲ್ಲಿಂದ ಫ್ಲ್ಯಾಶ್ ಅಷ್ಟು ದೂರ ಮುಟ್ಟಲ್ಲ, ಸಾರ್.”

“ಹತ್ರ ಹೋಗಿ ಹಾಗಾದ್ರೆ! ನಾವೆಲ್ಲ ಇದ್ದೀವಲ್ಲ ನಿಮ್ಮ ಹಿಂದೆ.”

ಹಿಂದೆ ಇದ್ದದ್ದು ನಿಜ. ಬಾಗಿಲು ಮುಚ್ಚಿಕೊಂಡು, ಸಂದಿಯಲ್ಲಿ ಒಂದೊಂದು ಕಣ್ಣಿಟ್ಟುಕೊಂಡು ಇದ್ದರು.

ಹೆಂಡತಿ ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವುಚಿ ಕಳಿಸಿದಳು. ಪಾಸ್‌ಪೋರ್ಟ್ ಜೀವ ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟ. ಎದೆ ಬಡಿದುಕೊಳ್ಳುವುದು ಪಾತ್ರೆಯೊಳಗೆ ಅವನಿಗೇ ಕೇಳಿಸುತ್ತಿತ್ತು. ಗೂಡು ಕಂಡಿತು. ಅಂಚಿನಲ್ಲಿ ಕೂತ ಕಾಗೆಯೂ ಕಂಡಿತು. ಅದು ಅಲ್ಲಾಡಲಿಲ್ಲ, ಕೂಗಲಿಲ್ಲ. ಸುಮ್ಮನೆ ನೋಡುತ್ತಿತ್ತು. ಕೂಗಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ಕ್ಯಾಮೆರಾ ಕಣ್ಣಿಗೆ ಹಿಡಿದರೆ ಪಾತ್ರೆಯ ಅಂಚು ಅಡ್ಡ. ವಿಧಿಯಿಲ್ಲದೆ ಪಾತ್ರೆ ತೆಗೆದು ಕೆಳಗಿಟ್ಟ. ಕಾಗೆ ಕೊಕ್ಕನ್ನು ಬೇರೆ ಕಡೆ ತಿರುಗಿಸಿತು. ಅಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಉಸುರಿತು: “ಗಲ್ಲ ಸ್ವಲ್ಪ ಮೇಲೆ... ನನ್ನನ್ನೇ ನೋಡಿ... ರೆಪ್ಪೆ ಬಡೀಬೇಡಿ...”

ಕಾಗೆ ತಿರುಗಿ ಅವನನ್ನೇ ನೋಡಿತು. ಫಳ್ ಎಂದು ಫ್ಲ್ಯಾಶ್ ಮಿಂಚಿತು.

ಆಮೇಲೆ ಏನಾಯಿತು ಎನ್ನುವುದು ಅವನಿಗೆ ಪೂರ್ತಿ ನೆನಪಿಲ್ಲ. ಕಿವಿಯ ಪಕ್ಕ ರೆಕ್ಕೆಯ ಸದ್ದು, ನೆತ್ತಿಯ ಮೇಲೆ ಒಂದರ ಹಿಂದೊಂದು ಏಟು. ಲೆನ್ಸನ್ನು ಎಳೆಗೂಸಿನಂತೆ ಎದೆಗವುಚಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಬಾಗಿಲು ಬಡಿದರೆ ಒಳಗಿದ್ದವರು ಬೇಗ ತೆಗೆಯಬೇಕಲ್ಲ! “ಕಾಗೆ ಒಳಗೆ ಬಂದ್ಬಿಡುತ್ತೆ, ಸ್ವಲ್ಪ ತಡೀರಿ” ಎಂದು ಟೀಚರಮ್ಮ ಕೂಗಿದ್ದಷ್ಟು ನೆನಪು.

ಲೆನ್ಸಿಗೆ ಒಂದೇ ಒಂದು ಗೀರಿಲ್ಲ. ಗೀರೆಲ್ಲ ಇವನ ತಲೆಯ ಮೇಲಿದ್ದವು. ಫೋಟೋ ಮಾತ್ರ ಅದ್ಭುತ: ಕಾಗೆಯ ಮುಖ ನೇರ, ಕಣ್ಣು ಎರಡೂ ತೆರೆದು, ಪಾಸ್‌ಪೋರ್ಟಿಗೆ ಅಂಟಿಸಬಹುದಾದ ಹಾಗೆ.

ಲೆನ್ಸು, ಫ್ಲ್ಯಾಶನ್ನು ಮಧ್ಯಾಹ್ನವೇ ಹಿಂತಿರುಗಿಸಿ, ದಾರಿಯುದ್ದಕ್ಕೂ ಆಕಾಶ ನೋಡುತ್ತ ಮನೆಗೆ ಬಂದ. ಸಂಜೆ ಹಕ್ಕಿಗಳ ಆಫೀಸಿನ ಅಧಿಕಾರಿ ಏಣಿ ಸಮೇತ ಬಂದರು. ಫೋಟೋ ನೋಡಿ, “ಭೇಷ್!” ಎಂದರು. “ಎಲ್ಲಿ, ಇದೇ ಹೌದಾ ಅಂತ ಯಾರಾದ್ರೂ ಒಬ್ರು ಮರದ ಕೆಳಗೆ ಹೋಗಿ ನೋಡೋಣ.”

ಅಧ್ಯಕ್ಷರು ಕೊಡೆ ಬಿಚ್ಚಿಕೊಂಡು ಹೋದರು. ಕಾಗೆ ಸುಮ್ಮನಿತ್ತು. ಕೊಡೆ ಮಡಚಿದರು. ಆಗಲೂ ಸುಮ್ಮನೆ. ಟೀಚರಮ್ಮ ಹೋದರು. ಕೊನೆಗೆ ಕಟ್ಟಡದವರೆಲ್ಲ ಮರದಡಿ ಓಡಾಡಿದರೂ ಅದು ಕೊಕ್ಕೆತ್ತಲಿಲ್ಲ. ಅದರ ಕಣ್ಣೆಲ್ಲ ಕೆಳಗಿನ ಮನೆಯ ಕಿಟಕಿಯ ಮೇಲೆ. ಕಿಟಕಿಯೊಳಗೆ ಪಾಸ್‌ಪೋರ್ಟ್ ಪರದೆಯ ಹಿಂದೆ ಸರಿದ.

“ಓ, ಅರ್ಥವಾಯ್ತು ಬಿಡಿ,” ಅಧಿಕಾರಿ ನಕ್ಕರು. “ಇಷ್ಟು ದಿನ ಅದಕ್ಕೆ ಶತ್ರು ಯಾರು ಅಂತ ಗೊತ್ತಿರಲಿಲ್ಲ, ಎಲ್ರಿಗೂ ಕುಟುಕ್ತಿತ್ತು. ಈಗ ಗೊತ್ತಾಗಿದೆ. ಕಾಗೆ ಒಂದ್ಸಲ ಮುಖ ನೋಡಿದ್ರೆ ಮರೆಯೋದಿಲ್ಲ. ಮಿಕ್ಕ ಕಾಗೆಗಳಿಗೂ ತೋರಿಸಿಕೊಡುತ್ತೆ.”

“ಹಾಗಾದ್ರೆ ನಮಗ್ಯಾರಿಗೂ ತೊಂದ್ರೆ ಇಲ್ಲ!” ಅಧ್ಯಕ್ಷರ ಮುಖ ಅರಳಿತು. “ಪಾಪ, ಬಾಣಂತಿ ಕಾಗೆ, ಇಲ್ಲೇ ಇರ್ಲಿ. ದೂರು ವಾಪಸ್.”

“ಸಾರ್, ನಾನು?” ಕಿಟಕಿಯಿಂದ ಕೀರಲು ದನಿ ಬಂತು.

“ನಿಮಗೆ ಹಿತ್ತಲ ಗೋಡೆ ರೂಢಿ ಇದೆಯಲ್ಲ!” ಎಂದು ಟೀಚರಮ್ಮ ಸಮಾಧಾನ ಹೇಳಿದರು. ಏಣಿ ಬಂದ ದಾರಿಯಲ್ಲೇ ಹೋಯಿತು.

ಪಾಸ್‌ಪೋರ್ಟ್ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ನಿಧಾನವಾಗಿ ಧೈರ್ಯ ತಂದುಕೊಂಡ. ಕತ್ತಲಿರುವಾಗಲೇ ಎದ್ದು ಹೋದರಾಯಿತು, ಆ ಹೊತ್ತಿಗೆ ಕಾಗೆ ನಿದ್ದೆಯಲ್ಲಿರುತ್ತದೆ. ಸ್ಟುಡಿಯೋ ಸೇರಿದರೆ ಸಾಕು, ಅಲ್ಲಿ ಯಾವ ಕಾಗೆಯ ಕಾಟ? ಹೆಂಡತಿಯೂ ಹೌದೆಂದಳು. ಬೆಳಗಿನಿಂದ ಮೊದಲ ಸಲ ಅವನ ಉಸಿರು ನೆಟ್ಟಗಾಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಾಲೀಕ.

“ಸಾರ್, ನಾಳೆ ಎಲ್ಲರಿಗಿಂತ ಮೊದಲೇ ಬಂದಿರ್ತೀನಿ!”

“ಬರಬೇಡ,” ಎಂದ ಮಾಲೀಕ. “ಅದೇನು ಮಾಡ್ಕೊಂಡ್ಯೋ ಮಾರಾಯ! ಮಧ್ಯಾಹ್ನ ನಿನ್ನ ಹಿಂದೇನೇ ಒಂದು ಕಾಗೆ ಬಂದಿತ್ತು. ಈಗ ಎದುರಿನ ಲೈಟುಕಂಬದ ತಂತಿ ತುಂಬ ಕೂತಿದ್ದಾವೆ. ಕೂಗಲ್ಲ, ಹಾರಲ್ಲ. ಒಬ್ಬ ಗಿರಾಕೀನೂ ಒಳಗೆ ಬರ್ತಿಲ್ಲ.”

“ಏನ್... ಏನ್ಮಾಡ್ತಿದ್ದಾವೆ, ಸಾರ್?”

“ರೆಪ್ಪೆ ಬಡೀದೆ ಶೋಕೇಸಿನಲ್ಲಿರೋ ನಿನ್ನ ಫೋಟೋನೇ ನೋಡ್ತಿದ್ದಾವೆ.”