ನಿಮ್ಮ ತೂಕ ನಮ್ಮ ಹೊಟ್ಟೆಯಲ್ಲಿ

ಟೈಲರ್: ನಿಮ್ಮ ಜಿಮ್ಮಿನ ದಾಖಲೆಯಿಂದ ನನ್ನ ತೂಕ ಅಳಿಸಿ ಅಂತ ನಾನೇ ಅಂದ್ರೆ ನಿಮಗೇನ್ರೀ ಕಷ್ಟ?

ಮ್ಯಾನೇಜರ್: ನೀವು ನೀವೇ ಅಂತ ಮೊದಲು ಖಾತ್ರಿ ಆಗ್ಬೇಕಲ್ಲ ಸಾರ್.

ಟೈಲರ್: ನಿಮ್ಮ ಪ್ಯಾಂಟು ಹೊಲಿಯೋನೇ ನಾನು! ಊರವರ ಸೊಂಟವೆಲ್ಲ ನನ್ನ ಪುಸ್ತಕದಲ್ಲಿದೆ, ಎಲ್ಲಾದ್ರೂ ಬಾಯಿ ಬಿಟ್ಟಿದ್ದೀನಾ? ನಿಮ್ಮದು ಮೂವತ್ತೆಂಟರಿಂದ ನಲವತ್ತೆರಡಕ್ಕೆ ಏರಿದ್ದನ್ನ ಯಾರಿಗಾದ್ರೂ ಹೇಳಿದ್ದೀನಾ?

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಮ್ಯಾನೇಜರ್ ಹೊಟ್ಟೆಯನ್ನು ಒಳಗೆಳೆದುಕೊಂಡ. ಅವನ ಹಿಂದಿನ ಗೋಡೆಯಲ್ಲಿ ‘ಸದಸ್ಯರ ಮಾಹಿತಿಯೇ ನಮ್ಮ ಪ್ರಾಣ’ ಎಂಬ ಬೋರ್ಡಿತ್ತು.

ಟೈಲರಿಗೆ ಬೋರ್ಡು ಓದುವ ವ್ಯವಧಾನವೆಲ್ಲಿ? ಜಿಮ್ಮಿಗೆ ಸೇರಿ ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದೆನೆಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದರು. ಸಾಕ್ಷಿಗಿರಲೆಂದು ತಮ್ಮ ಪ್ಯಾಂಟುಗಳ ಸೊಂಟವನ್ನು ಕದ್ದುಮುಚ್ಚಿ ಸಡಿಲ ಮಾಡಿದ್ದರು. ಪಾಪ, ಕಸುಬು ಗೊತ್ತಿದ್ದವರು. “ನಾಳೆಯಿಂದ ನಾನೂ ಜಿಮ್ಮಿಗೆ ಬರ್ತೀನಿ” ಎಂದು ನಿನ್ನೆ ಅವಳು ಅಂದಿದ್ದಳು; ಅವಳ ಕಣ್ಣಿಗೆ ಬೀಳುವ ಮೊದಲೇ ತೂಕ ಅಳಿಸಲು ಇವರು ಓಡಿ ಬಂದಿದ್ದರು.

ಮ್ಯಾನೇಜರ್: ನಾಲ್ಕು ಪ್ರಶ್ನೆ ಅಷ್ಟೇ. ಸೇರಿದಾಗ ಎಷ್ಟಿದ್ರಿ?

ಟೈಲರ್: (ಪಿಸುಗುಟ್ಟುತ್ತ) ತೊಂಬತ್ತೆರಡು.

ಮ್ಯಾನೇಜರ್: ಜೋರಾಗಿ ಹೇಳಿ ಸಾರ್, ಟ್ರೆಡ್‌ಮಿಲ್ ಸದ್ದು.

ಟೈಲರ್: ತೊಂಬತ್ತೆರಡೂ!

ಮ್ಯಾನೇಜರ್: ಈಗ?

ಟೈಲರ್: ತೊಂಬತ್ತಾರೂ!

ಮ್ಯಾನೇಜರ್: ಒಟ್ಟು ಎಷ್ಟು ದಿನ ಬಂದಿದ್ದೀರಿ?

ಟೈಲರ್: ನಾಲ್ಕು. ಮಿಕ್ಕಿದ್ದು ಎದುರುಗಡೆ ಬೇಕರಿ. ಅದನ್ನೂ ಬರ್ಕೊಳ್ತೀರಾ?

ಮ್ಯಾನೇಜರ್: ಛೆ ಛೆ, ಅದು ನಿಮ್ಮ ಖಾಸಗಿ ವಿಷಯ. ಕೊನೇದು, ಸೇರೋಕೆ ಕಾರಣ ಏನು ಅಂತ ಬರೆದಿದ್ರಿ?

ಟೈಲರ್: ಅದೊಂದು ಬಿಟ್ಬಿಡಿ.

ಮ್ಯಾನೇಜರ್: ಹಾಗಾದ್ರೆ ತೂಕ ಅಳಿಸೋಕಾಗಲ್ಲ.

ಟೈಲರ್: (ತಡೆಯಲಾರದೆ) ನಮ್ಮ ಮಹಡಿ ಮನೆಗೆ ನನ್ನ ಹೆಂಡ್ತಿಯ ಕಾಲೇಜಿನ ಗೆಳೆಯ ಬಾಡಿಗೆಗೆ ಬಂದಿದ್ದಾನೆ ಕಣ್ರೀ! ಅವನನ್ನ ನೋಡಿ ‘ಷರ್ಟು ಎಷ್ಟು ಚೆನ್ನಾಗಿ ಕೂತಿದೆ’ ಅಂದ್ಲು. ಅದನ್ನ ಹೊಲಿದವನು ನಾನು! ಕಾಲರಿಗೆ ಎರಡು ದಿನ ಕಣ್ಣು ಕಳ್ಕೊಂಡಿದ್ದೀನಿ!

ಅಷ್ಟರಲ್ಲಿ ಟ್ರೆಡ್‌ಮಿಲ್‌ಗಳೆಲ್ಲ ನಿಂತಿದ್ದವು. ಎಲ್ಲರೂ ಕೆಳಗಿಳಿದು ಕೇಳುತ್ತಿದ್ದರು.

ಮ್ಯಾನೇಜರ್: ಎಲ್ಲ ಸರಿ ಹೋಯ್ತು. ಅಳಿಸಿದೆ. ಇನ್ನು ನಿಮ್ಮ ತೂಕ ಈ ಪ್ರಪಂಚದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲ್ಲ.

“ಆ ಷರ್ಟು ನಿಮ್ಮ ಕೈಯದ್ದು ಅಂತ ಗೊತ್ತಿದ್ದೇ ಹೊಗಳಿದ್ದು ನಾನು.”

ಟೈಲರ್ ತಿರುಗಿದರು. ಸಾಲಿನ ಕೊನೆಯಲ್ಲಿ ಹೆಂಡತಿ ನಿಂತಿದ್ದಳು. ಇವರ ಮುಖ ಕೆಂಪೇರಿತು. ನಾಚಿಕೆಯಾಯಿತು, ಅದರ ಬೆನ್ನಿಗೇ ಖುಷಿಯೂ ಆಯಿತು.

ಹೆಂಡತಿ: ನಾನು ಮೆಚ್ಚಿದ್ದು ಹೊಲಿಗೆ ಕಣ್ರೀ, ಅವನ ಮೈಯಲ್ಲ. ಅದಿರ್ಲಿ, ದಿನಾ ಬೆಳಗ್ಗೆ ಬೇಕರಿನಾ? ಮ್ಯಾನೇಜರ್, ಆ ನಾಲ್ಕು ದಿನ ಯಾವ್ಯಾವುದು, ತೋರಿಸಿ.

ಮ್ಯಾನೇಜರ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ.

ಮ್ಯಾನೇಜರ್: ಕ್ಷಮಿಸಿ ಮೇಡಂ. ಗಂಡ ಆಗ್ಲಿ, ಹೆಂಡತಿ ಆಗ್ಲಿ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಪದ್ಧತಿ ನಮ್ಮಲ್ಲಿಲ್ಲ. ನೀವು ಎರಡು ತಿಂಗಳ ಹಿಂದೆ ಮಧ್ಯಾಹ್ನದ ಬ್ಯಾಚಿಗೆ ಸೇರಿ, ಎರಡೇ ದಿನ ಬಂದು, ಸೊಂಟ ಹಿಡ್ಕೊಂಡು ಮನೆಗೆ ಹೋಗಿದ್ದನ್ನ ಇವತ್ತಿನವರೆಗೂ ಇವರ ಮುಂದೆ ಬಾಯಿ ಬಿಟ್ಟಿದ್ದೀನಾ?